ಅಳತೆ ಕಾಂಪೌಂಡಿನ ತನಕ

ಕಾಟಮ್ಮನ ಕೈಬೆರಳ ಗೆರೆಗಳನ್ನು ಆಸಿಡ್ ತಿಂದು ಹಾಕಿತ್ತು. ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಕೆಂಪು ದೀಪ ಹತ್ತುತ್ತಿತ್ತು. ಸೆರಗಿಗೆ ಒರೆಸಿ ಒತ್ತಿದರೂ ಕೆಂಪೇ. ಗಂಡ ನಿಂಗಪ್ಪ ಕುರಿ ಬಿಟ್ಟು ಬಂದು ತನ್ನ ಬೆರಳು ಕೊಟ್ಟ ಮೇಲೆಯೇ ಮನೆಗೆ ಅಕ್ಕಿ ಬರುತ್ತಿತ್ತು.

ಅವಳು ಕೆಲಸ ಮಾಡುತ್ತಿದ್ದುದು ಡೇಟಾ ಕಂಪನಿಯಲ್ಲಿ. ಹಿರೇಗುಂಟನೂರಿನಿಂದ ಆಚೆ, ಅವಳ ಹಟ್ಟಿಯ ಕುರಿಗಳು ಮೊದಲಿಂದಲೂ ಮೇಯುತ್ತಿದ್ದ ಕಾವಲಿನಲ್ಲಿ ಒಂದು ಉದ್ದನೆಯ ಬಿಳಿ ಕಟ್ಟಡ ಎದ್ದಿತ್ತು. ಅದಕ್ಕೆ ಕಿಟಕಿಗಳಿರಲಿಲ್ಲ. ಸುತ್ತಲೂ ಆಳೆತ್ತರದ ಕಾಂಪೌಂಡು, ಮೇಲೆ ಮುಳ್ಳುತಂತಿ. ದೇಶದ ಜನ ಫೋನಿನಲ್ಲಿ ನೋಡುವ ವಿಡಿಯೋ, ಕಳಿಸುವ ಫೋಟೊ, ಬ್ಯಾಂಕಿನ ವ್ಯವಹಾರ ಎಲ್ಲವೂ ಅಲ್ಲಿನ ಯಂತ್ರಗಳ ಮೂಲಕ ಹಾದುಹೋಗುತ್ತವೆ ಎಂದು ಹೇಳುತ್ತಿದ್ದರು. ಕಾವಲು ಬಿಟ್ಟುಕೊಟ್ಟರೆ ಮನೆಗೊಂದು ಕೆಲಸ ಎಂದು ಮೊದಲೇ ಮಾತಾಗಿತ್ತು. ಕೆಲಸವನ್ನೇನೋ ಕೊಟ್ಟರು. ಎಂಥ ಕೆಲಸ ಎಂದು ಮೊದಲು ಯಾರೂ ಹೇಳಿರಲಿಲ್ಲ.

ಯಂತ್ರಗಳು ಹಗಲೂ ರಾತ್ರಿ ಕಾಯುತ್ತವೆ. ಆ ಕಾವನ್ನು ನೀರಿಗೆ ಇಳಿಸಬೇಕು. ಕಾದ ನೀರನ್ನು ಕಟ್ಟಡದ ಹಿಂದಿನ ಟವರಿನ ಮೇಲಿಂದ ಸುರಿಸಿ ದೊಡ್ಡ ಫ್ಯಾನಿನ ಗಾಳಿಗೆ ತಣಿಸಬೇಕು. ನೀರು ಬೋರ್‌ವೆಲ್ಲಿನದು. ಈ ಸೀಮೆಯ ಬೋರಿನ ನೀರೆಂದರೆ ಅರ್ಧ ಕಲ್ಲು. ನೀರು ಹಬೆಯಾಗಿ ಹೋದರೆ ಕಲ್ಲು ತೊಟ್ಟಿಯಲ್ಲಿ ಉಳಿಯುತ್ತಿತ್ತು. ಗೋಡೆ, ಪೈಪು, ಜಾಲರಿ ಎಲ್ಲದರ ಮೇಲೂ ಗಾಯದ ಹಕ್ಕಳೆಯ ಹಾಗೆ ಬೆಳ್ಳಗೆ ಗಟ್ಟಿಯಾಗಿ ಕೂರುತ್ತಿತ್ತು. ಅದನ್ನು ಕೆರೆಯಲು ಹಟ್ಟಿಯ ಹೆಂಗಸರು ಬೇಕಿತ್ತು.

ಸೀರೆಯನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿ ತೊಟ್ಟಿಗೆ ಇಳಿಯಬೇಕು. ಆಸಿಡ್ ಬೆರೆಸಿದ ನೀರು ಎರಚಬೇಕು. ಬಿಳಿ ಗಟ್ಟಿ ಬುಸುಗುಟ್ಟಿ ನೊರೆ ಕಾರುತ್ತದೆ. ಆ ಹೊಗೆಯಲ್ಲೇ ಬಗ್ಗಿ ಕಬ್ಬಿಣದ ಪಟ್ಟಿಯಿಂದ ಕೆರೆಯಬೇಕು. ಕೈಗೆ ಕೊಟ್ಟ ರಬ್ಬರಿನ ಗವಸು ಒಂದು ವಾರಕ್ಕೆ ತೂತು ಬೀಳುತ್ತಿತ್ತು. ಇನ್ನೊಂದು ಕೇಳಿದರೆ ಸೂಪರ್‌ವೈಸರ್ ತಿಪ್ಪೇಶ್, "ನಿಮ್ಮ ಕೈಗೆ ಏನಾಗ್ತದೆ? ಕುರಿ ತುಪ್ಪಟ ಕತ್ರಿಸಿದ ಕೈ" ಅನ್ನುತ್ತಿದ್ದ. ಅವನು ಹೊಳಲ್ಕೆರೆಯ ಕಡೆಯವನು, ಅಡಿಕೆ ಮಂಡಿ ಇದ್ದವರ ಮಗ. ಹೆಂಗಸರನ್ನು ಒದಗಿಸುವ ಕಂಟ್ರಾಕ್ಟು ಅವನ ಮಾವನದು. ಕುಡಿಯುವ ನೀರಿನ ನಲ್ಲಿ ಕಟ್ಟಡದ ಒಳಗಿತ್ತು. ಹಟ್ಟಿಯ ಹೆಂಗಸರು ಅದನ್ನು ಮುಟ್ಟುವಂತಿರಲಿಲ್ಲ. ಅವರು ಮನೆಯಿಂದಲೇ ಬಾಟಲಿಯಲ್ಲಿ ತಂದುಕೊಳ್ಳಬೇಕು. ಹಿಂದಿನ ಗೇಟಿನಿಂದ ಬರಬೇಕು, ಹಿಂದಿನ ಗೇಟಿನಿಂದ ಹೋಗಬೇಕು.

ತೊಟ್ಟಿಯಿಂದ ಬಸಿಯುವ ನೀರು, ಕೆರೆದು ಉಳಿದ ನೀರು ಎಲ್ಲ ಕಾಂಪೌಂಡಿನ ಬುಡದ ಒಂದು ದಪ್ಪ ಪೈಪಿನಿಂದ ಹೊರಗೆ ಹೋಗುತ್ತಿತ್ತು. ಹೊರಗೆ ಹಳ್ಳ. ಹಳ್ಳದ ಕೆಳಗೆ ಕಟ್ಟೆ. ಹಟ್ಟಿಯ ಕುರಿಗಳಿಗೆ ಇದ್ದ ನೀರು ಅದೊಂದೇ. ಹೋದ ವರ್ಷದಿಂದ ಗಬ್ಬದ ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕತೊಡಗಿದ್ದವು. ತುಪ್ಪಟ ಮೂಡದ ಮರಿಗಳನ್ನು ನಿಂಗಪ್ಪ ಟವೆಲಿನಲ್ಲಿ ಸುತ್ತಿ ತಂದು ಜಾಲಿ ಗಿಡದ ಬುಡದಲ್ಲಿ ಹೂಳುತ್ತಿದ್ದ. ಪಶು ಡಾಕ್ಟರು ಬಂದು, ರೋಗ ಇರಬಹುದು, ನೀರೂ ಇರಬಹುದು ಎಂದು ಹೇಳಿ ಹೋದರು.

"ನೀನು ಅಲ್ಲಿ ಕೆರೀತೀಯ, ಇಲ್ಲಿ ನಾನು ಹೂಳ್ತೀನಿ" ಎಂದು ಒಮ್ಮೆ ನಿಂಗಪ್ಪ ಅಂದ. ಅವತ್ತು ಕಾಟಮ್ಮ ಉಣ್ಣಲಿಲ್ಲ.

ಅಳೆಯುವವರು ಬರುತ್ತಾರೆ ಎಂಬ ಸುದ್ದಿ ಬಂದದ್ದು ಬೇಸಿಗೆಯ ಆರಂಭದಲ್ಲಿ. ಬೆಂಗಳೂರಿನ ಒಂದು ಸಂಸ್ಥೆಯವರು. ಜನ ಇಂಟರ್‌ನೆಟ್ ಬಳಸುವುದರಿಂದ ಭೂಮಿಗೆ ಎಷ್ಟು ಪೆಟ್ಟು ಬೀಳುತ್ತದೆ ಎಂದು ಲೆಕ್ಕ ಹಾಕುವವರು. ಒಬ್ಬ ಮನುಷ್ಯ ಫೋನಿನಲ್ಲಿ ಒಂದು ಸಿನಿಮಾ ನೋಡಿದರೆ ಎಷ್ಟು ಕರೆಂಟು ಖರ್ಚು, ಎಷ್ಟು ನೀರು ಖರ್ಚು, ಎಷ್ಟು ಹೊಗೆ ಗಾಳಿಗೆ ಸೇರಿತು, ಇದನ್ನೆಲ್ಲ ಅವರ ಯಂತ್ರಗಳು ಹೇಳುತ್ತವಂತೆ. ಲೆಕ್ಕ ಚೆನ್ನಾಗಿ ಬಂದರೆ ಕಂಪನಿಗೆ ಹಸಿರು ಸರ್ಟಿಫಿಕೇಟು.

ತಿಪ್ಪೇಶ್ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಹೇಳಿದ: "ತೊಟ್ಟಿ ಹೊಸದರ ಹಾಗೆ ಕಾಣ್ಬೇಕು. ಹಕ್ಕಳೆ ಇದ್ರೆ ನೀರು ತಣಿಯಲ್ಲ, ನೀರು ತಣೀಲಿಲ್ಲಾಂದ್ರೆ ಕರೆಂಟು ಜಾಸ್ತಿ ಎಳೀತೈತೆ, ಲೆಕ್ಕ ಕೆಡ್ತೈತೆ. ಅವರು ಬಂದಾಗ ನೀವು ಯಾರೂ ಈಚೆ ಕಾಣಿಸ್ಕೋಬಾರ್ದು. ಡೀಸೆಲ್ ಶೆಡ್ಡಿನ ಹಿಂದೆ ಕುಂತಿರ್ರಿ."

"ಯಾಕೆ ಸಾರ್, ನಮ್ಮ ಮಕ ನೋಡಿದ್ರೂ ಲೆಕ್ಕ ಕೆಡ್ತೈತಾ?" ಎಂದು ಕೇಳಿದಳು ಜುಂಜಮ್ಮ. ಅವಳು ಕಾಟಮ್ಮನ ಪಕ್ಕದ ಮನೆಯವಳು, ವಯಸ್ಸಿನಲ್ಲಿ ಎಲ್ಲರಿಗೂ ಹಿರಿಯಳು. ಬಾಯಿ ಜೋರು. ಗಂಡ ಸತ್ತ ಮೇಲೆ ಒಬ್ಬಳೇ ಕುರಿ ಕಾಯ್ದು ಮಗನನ್ನು ಸಾಕಿದವಳು. ತಿಪ್ಪೇಶ್ ಅವಳ ಕಡೆ ನೋಡಲೂ ಇಲ್ಲ.

ಆ ವಾರ ಆಸಿಡ್‌ಗೆ ನೀರು ಕಡಿಮೆ ಬೆರೆಸಿದರು. ಹಕ್ಕಳೆ ಬೇಗ ಬಿಡಬೇಕಲ್ಲ. ಕೆಮ್ಮು ಹತ್ತಿ ಹೆಂಗಸರು ತೊಟ್ಟಿಯ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದರು. ಅವರಲ್ಲೊಬ್ಬಳಾದ ಉಚ್ಚಂಗಮ್ಮನಿಗೆ ಮೂಗಿನಲ್ಲಿ ರಕ್ತ ಬಂತು. ಸೆರಗು ಒತ್ತಿಕೊಂಡೇ ಕೆರೆದಳು.

ಅಳೆಯುವವರು ಬಂದ ದಿನವೂ ಒಂದು ತೊಟ್ಟಿಯ ಮೂಲೆ ಉಳಿದಿತ್ತು. ಮುಂದೆ ಕಾರುಗಳು ನಿಂತಿದ್ದವು. ತಿಪ್ಪೇಶ್ ಹಿಂದಿನ ಗೇಟಿಗೆ ಬೀಗ ಹಾಕಿಸಿ, ಕಾಟಮ್ಮ ಮತ್ತು ಜುಂಜಮ್ಮನನ್ನು ಮಾತ್ರ ತೊಟ್ಟಿಗೆ ಇಳಿಸಿದ. ಸದ್ದು ಮಾಡದೆ ಮುಗಿಸಿ ಎಂದ. ಜುಂಜಮ್ಮ ಮೂಲೆಗೆ ಆಸಿಡ್ ಎರಚಿದಳು. ಒಳಗೆ ಎಲ್ಲೋ ಪಂಪು ಶುರುವಾಯಿತು. ಮೇಲಿನ ಪೈಪಿನಿಂದ ನೀರು ಒಮ್ಮೆಲೇ ಬಿದ್ದು ಮೂಲೆಯ ಆಸಿಡ್ ಅವಳ ಮುಖಕ್ಕೆ ಸಿಡಿಯಿತು.

ಜುಂಜಮ್ಮನ ಕೈಯಲ್ಲಿದ್ದ ಪಟ್ಟಿ ಬಿತ್ತು. ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡು ತೊಟ್ಟಿಯ ನೀರಿನಲ್ಲೇ ಕುಸಿದು ಕೂತಳು. "ಕಾಟಿ, ಕಣ್ಣು ಉರೀತೈತೆ ಕಣೆ" ಅಂದಳು. ಮತ್ತೆ ಮತ್ತೆ ಅದನ್ನೇ ಅಂದಳು.

ಕಾಟಮ್ಮ ಅವಳನ್ನು ಬೆನ್ನ ಮೇಲೆ ಹೊತ್ತು ಕಬ್ಬಿಣದ ಮೆಟ್ಟಿಲು ಹತ್ತಿದಳು. ಬಾಟಲಿಯಲ್ಲಿ ತಳ ಕಂಡಿದ್ದ ನೀರನ್ನು ಕಣ್ಣಿಗೆ ಸುರಿದಳು. ಅದು ಒಂದು ಗುಟುಕಿಗೂ ಸಾಲದು. ತೊಟ್ಟಿಯ ನೀರೆಲ್ಲ ಆಸಿಡ್, ಮುಟ್ಟುವಂತಿಲ್ಲ. ಕಟ್ಟಡದ ಹಿಂಬಾಗಿಲಿಗೆ ಓಡಿದಳು. ತಿಪ್ಪೇಶ್ ಅಡ್ಡ ನಿಂತ.

"ನೀರು ಬೇಕು ಸಾರ್. ಜುಂಜಕ್ಕನ ಕಣ್ಣಿಗೆ ಬಿದ್ದೈತೆ. ಒಂದು ಬಕೀಟು ನೀರು."

"ಒಳಗೆ ಮೀಟಿಂಗ್ ನಡೀತೈತೆ. ಈಗ ಒಳಗೆ ಬರಬ್ಯಾಡ."

"ನೀವೇ ತಂದುಕೊಡ್ರಿ."

"ಶೆಡ್ಡಿನ ಹಿಂದೆ ಮಲಗ್ಸು. ಅವರು ಊಟಕ್ಕೆ ಹೋಗ್ಲಿ, ಆಮೇಲೆ ಗಾಡಿ ಕರೆಸ್ತೀನಿ. ಈಗ ಆಂಬುಲೆನ್ಸ್ ಬಂದ್ರೆ ಎಲ್ಲಾರೂ ಕೇಳ್ತಾರೆ."

"ಹಿಂದಿನ ಗೇಟು ತೆಗೀರಿ. ನಾನೇ ಕರ್ಕಂಡು ಹೋಗ್ತೀನಿ."

"ಕೀಲಿ ಮ್ಯಾನೇಜರ್ ಹತ್ರ ಐತೆ."

ಕಾಟಮ್ಮ ಅವನ ಮುಖ ನೋಡಿದಳು. ಅವನ ಕಣ್ಣಲ್ಲಿ ಹೆದರಿಕೆ ಇತ್ತು. ಜುಂಜಮ್ಮನಿಗಾಗಿ ಇದ್ದ ಹೆದರಿಕೆ ಅಲ್ಲ ಅದು. ಅವಳು ತಿರುಗಿ ಶೆಡ್ಡಿನ ಕಡೆ ಹೋದಳು. ಅಲ್ಲಿ ಹೆಂಗಸರು ಜುಂಜಮ್ಮನನ್ನು ಎತ್ತಿ ತಂದು ಸುತ್ತ ನಿಂತಿದ್ದರು. ಯಾರಿಗೂ ಏನು ಮಾಡಬೇಕೋ ತೋಚದು. ಕೆಲವರು ಅಳುತ್ತಿದ್ದರು. ಜುಂಜಮ್ಮನ ರೆಪ್ಪೆ ಊದಿ ಮುಚ್ಚಿಕೊಂಡಿತ್ತು, ಕೆನ್ನೆಯ ಮೇಲೆ ಚರ್ಮ ಬೆಳ್ಳಗಾಗಿತ್ತು.

ಕಾಟಮ್ಮ ಅವಳ ಕೈ ಹಿಡಿದಳು. "ಏಳಕ್ಕ. ಹೋಗಾಣ."

"ಎಲ್ಲಿಗೆ?"

"ಮುಂದಿನ ಬಾಗಿಲಿಗೆ."

ಕಟ್ಟಡದ ಮಗ್ಗುಲಿನ ಹುಲ್ಲುಹಾಸಿನ ಮೇಲೆ ಅವರು ನಡೆದರು. ಆ ಹುಲ್ಲಿಗೂ ಬೋರಿನ ನೀರೇ. ಅದನ್ನು ತುಳಿಯಬಾರದು ಎಂದು ಬೋರ್ಡಿತ್ತು. ಕಾಟಮ್ಮನ ಸೀರೆಯಿಂದ ನೀರು ಸುರಿಯುತ್ತಿತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಸೆಕ್ಯೂರಿಟಿಯವನು ಕೈ ಅಡ್ಡ ಹಾಕಿದ. ಜುಂಜಮ್ಮನ ಮುಖ ಕಂಡು ತಾನಾಗಿ ಕೈ ತೆಗೆದ.

ಗಾಜಿನ ಬಾಗಿಲು ತಾನೇ ತೆರೆದುಕೊಂಡಿತು. ಒಳಗೆ ಥಂಡಿ. ಅಷ್ಟು ಥಂಡಿಯನ್ನು ಕಾಟಮ್ಮನ ಮೈ ಬೇಸಿಗೆಯಲ್ಲಿ ಎಂದೂ ಕಂಡಿರಲಿಲ್ಲ. ಉದ್ದನೆಯ ಮೇಜು, ಗೋಡೆಯ ಮೇಲೆ ಬೆಳಕಿನ ಪರದೆ, ಪರದೆಯ ಮೇಲೆ ಹಸಿರು ಗೆರೆಗಳು. ಮೇಜಿನ ತುಂಬ ನೀರಿನ ಬಾಟಲಿಗಳು. ಯಾರನ್ನೂ ಕೇಳದೆ ಕಾಟಮ್ಮ ಒಂದು ಬಾಟಲಿ ಎತ್ತಿ ಮುಚ್ಚಳ ಕಿತ್ತು ಜುಂಜಮ್ಮನ ಕಣ್ಣಿಗೆ ಸುರಿದಳು. ಇನ್ನೊಂದನ್ನು ಎತ್ತಿದಳು. ಮತ್ತೊಂದನ್ನೂ ಎತ್ತಿದಳು. ನೀರು ನೆಲದ ಕಂಬಳಿಯ ಮೇಲೆ ಹರಿಯಿತು.

"ಇವರನ್ನ ಒಳಗೆ ಬಿಟ್ಟಿದ್ದು ಯಾರು?" ಎಂದ ಮ್ಯಾನೇಜರು.

"ಯಾರೂ ಬಿಟ್ಟಿಲ್ಲ. ನಾವೇ ಬಂದ್ವಿ."

ಮೇಜಿನ ಆ ಕಡೆಯಿಂದ ಕನ್ನಡಕದ ಒಬ್ಬ ಹುಡುಗಿ ಎದ್ದು ಬಂದಳು. ಅಳೆಯುವ ತಂಡದ ಕೀರ್ತನಾ. "ಏನಾಯ್ತು ಇವರಿಗೆ?" ಎಂದು ಕೇಳಿದಳು.

"ನೀವು ಅಳೆಯಾಕೆ ಬಂದೋರಲ್ವಾ ಅವ್ವಾ. ನಿಮ್ಮ ಅಳತೆ ಚಂದ ಬರ್ಲಿ ಅಂತ ಕೆರೆಯೋವಾಗ ಹಿಂಗಾಗಿದ್ದು. ಇದನ್ನೂ ಬರ್ಕಳ್ರಿ."

ಮ್ಯಾನೇಜರು ಕೀರ್ತನಾಳ ಕಡೆ ತಿರುಗಿ, "ಅವರು ನಮ್ಮ ಸ್ಟಾಫ್ ಅಲ್ಲ ಮೇಡಂ, ಕಂಟ್ರಾಕ್ಟರ್ ಕಡೆಯೋರು" ಎಂದರು. ಕಾಟಮ್ಮನಿಗೆ ಅದು ಕೇಳಿಸಿತು. ಇಷ್ಟು ವರ್ಷ ತಾನು ಯಾರ ತೊಟ್ಟಿ ಕೆರೆದೆ ಎಂದು ಕೇಳಬೇಕೆನಿಸಿತು. ಮತ್ತೊಂದು ಬಾಟಲಿ ಎತ್ತಿ ಜುಂಜಮ್ಮನ ಕಣ್ಣಿಗೆ ಸುರಿದಳು.

ಕೀರ್ತನಾ ತನ್ನ ಕಾರು ತರಿಸಿದಳು. ಡ್ರೈವರು ಸೀಟು ಹಾಳಾಗದಿರಲಿ ಎಂದು ಪ್ಲಾಸ್ಟಿಕ್ ಹಾಳೆ ಹಾಸಿದ. ಜುಂಜಮ್ಮ ಅದರ ಮೇಲೆ ಕೂತಳು. ದುರ್ಗದ ದೊಡ್ಡಾಸ್ಪತ್ರೆ ಮುಟ್ಟುವ ತನಕ ಅವಳು ಕಾಟಮ್ಮನ ಕೈ ಬಿಡಲಿಲ್ಲ. ಡಾಕ್ಟರು ಕಣ್ಣು ಬಿಡಿಸಿ ನೋಡಿ, ಬಿದ್ದ ಕೂಡಲೇ ನೀರಿನಲ್ಲಿ ಚೆನ್ನಾಗಿ ತೊಳೆದಿದ್ದರೆ ಉಳಿಯುತ್ತಿತ್ತು ಎಂದರು. ಎಡಗಣ್ಣು ಹೋಯಿತು. ಬಲಗಣ್ಣಿಗೆ ಮಂಜು ಕವಿಯಿತು.

ಜುಂಜಮ್ಮ ಹಟ್ಟಿಗೆ ವಾಪಸು ಬಂದ ಮೇಲೆ ಕೀರ್ತನಾ ಹಣ್ಣು ತಂದು ನೋಡಲು ಬಂದಳು. ಒಳ್ಳೆಯ ಹುಡುಗಿ. ಜಗಲಿಯ ಮೇಲೆ ಕೂತು ಜುಂಜಮ್ಮನಿಗೆ ಹಣ್ಣು ಬಿಡಿಸಿ ಕೊಟ್ಟಳು. ಹೊರಟಾಗ ಕಾಟಮ್ಮ ಅವಳನ್ನು ಹಳ್ಳಕ್ಕೆ ಕರೆದುಕೊಂಡು ಹೋದಳು. ಪೈಪಿನ ಬಾಯಿಯಿಂದ ನೀರು ಬೀಳುತ್ತಿತ್ತು. ಬಿದ್ದ ಕಡೆ ಕಲ್ಲುಗಳು ಬೆಳ್ಳಗಾಗಿದ್ದವು. ಸುತ್ತ ಒಂದು ಹುಲ್ಲುಕಡ್ಡಿ ಇರಲಿಲ್ಲ.

"ನಿಮ್ಮ ಹತ್ರ ಅಳೆಯೋದು ಐತಲ್ಲ. ಇದನ್ನ ಅಳೀರಿ."

ಕೀರ್ತನಾ ಚೀಲದಿಂದ ಪೆನ್ನಿನಂಥ ಒಂದು ಯಂತ್ರ ತೆಗೆದು ನೀರಿನಲ್ಲಿ ಅದ್ದಿದಳು. ನೋಡಿದಳು. ಒರೆಸಿ ಮತ್ತೆ ಅದ್ದಿ ನೋಡಿದಳು.

"ಹೆಂಗೈತೆ?"

"ಕೆಟ್ಟದಾಗಿದೆ ಕಾಟಮ್ಮ. ಕುರಿಗೂ ಕುಡಿಸಬಾರದು."

"ಬರ್ಕಳ್ರಿ ಮತ್ತೆ."

ಅವಳು ಯಂತ್ರವನ್ನು ಚೀಲಕ್ಕೆ ಹಾಕಿಕೊಂಡಳು. "ಇದು ನಮ್ಮ ಅಳತೆಗೆ ಬರೋದಿಲ್ಲ. ನಮಗೆ ಕೊಟ್ಟಿರೋದು ಕಾಂಪೌಂಡಿನ ತನಕ ಮಾತ್ರ. ಒಳಗೆ ಎಷ್ಟು ಕರೆಂಟು ಬಂತು, ಎಷ್ಟು ನೀರು ಬಂತು, ಎಷ್ಟು ಡೇಟಾ ಹೋಯ್ತು. ಅದನ್ನು ಬಳಸೋ ಜನಕ್ಕೆಲ್ಲ ಹಂಚಿದರೆ ಒಬ್ಬೊಬ್ಬರಿಗೆ ಒಂದು ಚಮಚ ನೀರೂ ಬರಲ್ಲ. ಗೋಡೆ ದಾಟಿದ್ದು ಬೇರೆ ಇಲಾಖೆ."

"ಜುಂಜಕ್ಕನ ಕಣ್ಣು ಗೋಡೆ ಒಳಗೇ ಹೋಗಿದ್ದು."

ಕೀರ್ತನಾ ತಲೆ ತಗ್ಗಿಸಿದಳು. "ಅದಕ್ಕೆ ಕಾಲಂ ಇಲ್ಲ."

"ಮಾಡ್ಕಳ್ರಿ ಒಂದು."

"ನನ್ನ ಕೈಯಲ್ಲಿಲ್ಲ ಅದು. ನನ್ನ ಮೇಲಿನವರಿಗೆ ಹೇಳ್ತೀನಿ. ಜನ ವಿಡಿಯೋ ನೋಡೋದು ಸ್ವಲ್ಪ ಕಮ್ಮಿ ಮಾಡಿದ್ರೂ ಎಷ್ಟೋ ಉಳಿಯುತ್ತೆ. ನಮ್ಮ ರಿಪೋರ್ಟಿನಲ್ಲಿ ಅದನ್ನೂ ಹೇಳ್ತೀವಿ."

"ನಮ್ಮ ಹಟ್ಟಿಗೆ ಸಿಗ್ನಲ್ಲೇ ಬರಲ್ಲವ್ವ" ಎಂದಳು ಕಾಟಮ್ಮ. ಕೀರ್ತನಾಳ ಕಣ್ಣಲ್ಲಿ ನೀರಾಡಿತು. ಅದನ್ನು ಕಂಡು ಕಾಟಮ್ಮನಿಗೆ ಮರುಕ ಬರಲಿಲ್ಲ. ಸಿಟ್ಟು ಬಂತು. ಅತ್ತು ಹಗುರಾಗಿ ಕಾರು ಹತ್ತಿ ಹೋಗುವವರು ಇವರು. ಇಲ್ಲಿ ಅಳುವುದಕ್ಕೂ ಜುಂಜಕ್ಕನಿಗೆ ಕಣ್ಣಿಲ್ಲ.

ಮಳೆಗಾಲಕ್ಕೆ ಮುಂಚೆ ಕಂಪನಿಯ ಗೇಟಿನ ಮೇಲೆ ಹೊಸ ಬೋರ್ಡು ಬಂತು. ಎಲೆಯ ಚಿತ್ರ, ಅದರ ಮಧ್ಯೆ ನೀರಿನ ಹನಿ. ಅತಿ ಕಡಿಮೆ ನೀರಿನಲ್ಲಿ ಅತಿ ಹೆಚ್ಚು ಇಂಟರ್‌ನೆಟ್ ಸಾಗಿಸುವ ಕಂಪನಿ ಎಂದು ಮೆಚ್ಚುಗೆಯಂತೆ. ಅದರ ಮರುದಿನ ತಿಪ್ಪೇಶ್ ಜೀಪು ತೆಗೆದುಕೊಂಡು ಹಟ್ಟಿಗೆ ಬಂದ. ಜುಂಜಮ್ಮನ ಕಣ್ಣು ಹೋದಂದಿನಿಂದ ಹೆಂಗಸರು ಕೆಲಸಕ್ಕೆ ಹೋಗಿರಲಿಲ್ಲ. ಅವನ ಕೈಯಲ್ಲಿ ಸಿಹಿ ಡಬ್ಬಿ ಇತ್ತು.

"ಆಗಿದ್ದು ಆಗೋಯ್ತು. ತೊಟ್ಟಿ ಮತ್ತೆ ಹಕ್ಕಳೆ ಕಟ್ಟೈತೆ. ನಾಳೆಯಿಂದ ಬರ್ರಿ" ಎಂದ. ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದ ಜುಂಜಮ್ಮನ ಕಡೆ ತಿರುಗಿದ. "ನಿನಗೂ ಅನ್ಯಾಯ ಮಾಡಲ್ಲ ಜುಂಜಮ್ಮ. ನಿನ್ನ ಜಾಗಕ್ಕೆ ನಿನ್ನ ಸೊಸೆ ಭಾಗ್ಯ ಬರ್ಲಿ. ಸಣ್ಣ ವಯಸ್ಸು, ಚುರುಕಾಗಿ ಕೆರೀತಾಳೆ."

ಭಾಗ್ಯ ಒಳಗೆ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಜುಂಜಮ್ಮ ಗೋಡೆ ಹಿಡಿದು ಎದ್ದಳು. ಮಾತು ಬಂದ ದಿಕ್ಕಿಗೆ ಮುಖ ಮಾಡಿ ಕೈ ಚಾಚಿ ತಡಕಿದಳು. ಸಿಹಿ ಡಬ್ಬಿ ಕೈಗೆ ಸಿಕ್ಕಿತು. ಅದನ್ನು ಕಸಿದು ತಿಪ್ಪೆಯ ಕಡೆ ಎಸೆದಳು.

"ಒಂದು ಕಣ್ಣು ನುಂಗಿದ್ದು ಸಾಲ್ದಾ ನಿಮಗೆ?" ಎಂದು ಕೇಳಿದಳು.

ತಿಪ್ಪೇಶ್ ಸುತ್ತ ನಿಂತ ಹೆಂಗಸರನ್ನು ನೋಡಿದ. "ನೀವು ಬರ್ಲಿಲ್ಲ ಅಂತ ಯಾವ ಯಂತ್ರವೂ ನಿಲ್ಲಲ್ಲ. ನಿಮ್ಮಂಥೋರು ಎಲ್ಲಾ ಕಡೆ ಸಿಗ್ತಾರೆ" ಎಂದು ಹೇಳಿ ಜೀಪು ಹತ್ತಿದ.

ಅವನು ಹೇಳಿದ್ದು ಸುಳ್ಳಾಗಲಿಲ್ಲ. ವಾರ ತುಂಬುವುದರೊಳಗೆ ಅದೇ ಜೀಪು ಹೊಸದುರ್ಗದ ಕಡೆಯ ಹೆಂಗಸರನ್ನು ತುಂಬಿಕೊಂಡು ಹಟ್ಟಿಯ ಮುಂದೆ ಹಾದುಹೋಯಿತು. ಎಲ್ಲರ ಕೈಯಲ್ಲೂ ನೀರಿನ ಬಾಟಲಿ. ಕಾಟಮ್ಮ ರಸ್ತೆಗೆ ಇಳಿದು ಕೈ ತೋರಿಸಿದಳು. ಜೀಪು ನಿಲ್ಲಲಿಲ್ಲ. ಹಿಂದೆ ಕೂತಿದ್ದ ಒಬ್ಬಳು ಯಾರೋ ತನ್ನನ್ನು ಕರೆದರೆಂದುಕೊಂಡು ನಕ್ಕು ಕೈ ಬೀಸಿದಳು.

ಕಾಟಮ್ಮ ಧೂಳಿನಲ್ಲೇ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಕಾಂಪೌಂಡಿನ ಬುಡದ ಪೈಪಿನಿಂದ ನೊರೆ ನೀರು ಬೀಳುವ ಸದ್ದು ಕೇಳಿಸಿತು. ಕೆರೆಯುವ ಕೆಲಸ ಶುರುವಾಗಿತ್ತು. ಅವಳು ಉಚ್ಚಂಗಮ್ಮನ ಮನೆ ಮುಂದೆ ಹೋಗಿ, "ಮಂಕರಿ ತಗಂಡು ಬಾ" ಎಂದಳು. ಆಮೇಲೆ ಮನೆ ಮನೆಗೂ ಹೋಗಿ ಕರೆದಳು. ಎಲ್ಲರೂ ಹಳ್ಳಕ್ಕೆ ಇಳಿದರು.

ಹಳ್ಳದ ದಂಡೆಯಿಂದ ಕಲ್ಲು ಹೊತ್ತರು. ಜೇಡಿಮಣ್ಣು ಅಗೆದು ತುಂಬಿದರು. ಪೈಪಿನ ಬಾಯಿಗೆ ಮೊದಲು ಹಳೆಯ ಗೋಣಿಚೀಲ ತುರುಕಿ, ಅದರ ಮೇಲೆ ಕಲ್ಲು ಜಡಿದು ಮಣ್ಣು ಮೆತ್ತಿದರು. ನೀರು ಸಂದಿಯಿಂದ ಚಿಮ್ಮಿ ಕಾಲು ಸುಟ್ಟಿತು. ಮತ್ತೆ ಮಣ್ಣು ಹಾಕಿದರು. ಭಾಗ್ಯ ಮಗುವನ್ನು ಅತ್ತೆಯ ಮಡಿಲಿಗೆ ಕೊಟ್ಟು ಬಂದು ಮಣ್ಣಿನ ಮಂಕರಿ ಹೊತ್ತಳು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಪೈಪು ಮುಚ್ಚಿಹೋಯಿತು. ಹಳ್ಳ ನಿಶ್ಶಬ್ದವಾಯಿತು.

ಕಾಂಪೌಂಡಿನ ಒಳಗೆ ಕೂಗಾಟ ಎದ್ದಿತು. ಹೊರಗೆ ಹೋಗಲಾರದ ನೀರು ಹಿತ್ತಿಲು ತುಂಬಿ, ಡೀಸೆಲ್ ಶೆಡ್ಡಿನ ಸುತ್ತ ನಿಂತು, ಮಗ್ಗುಲಿನ ಹುಲ್ಲುಹಾಸಿಗೆ ನುಗ್ಗಿತಂತೆ. ಕಾವಲುಗಾರರು ಹೊರಗೆ ಓಡಿ ಬಂದರು. ಹಿಂದೆಯೇ ಮ್ಯಾನೇಜರು, ಮೊಣಕಾಲ ತನಕ ಪ್ಯಾಂಟು ನೆನೆಸಿಕೊಂಡ ತಿಪ್ಪೇಶ್. ಆಮೇಲೆ ಪೊಲೀಸರು. ಹೆಂಗಸರು ಪೈಪಿನ ಮುಂದೆ ಮಣ್ಣಿನ ಮೇಲೆ ಕೂತಿದ್ದರು.

"ಕಂಪನಿ ಪೈಪು ಮುಚ್ಚೋಕೆ ನಿಮಗೆ ಹಕ್ಕು ಕೊಟ್ಟೋರು ಯಾರು?" ಎಂದು ಇನ್ಸ್‌ಪೆಕ್ಟರ್ ಕೇಳಿದ.

"ನಮ್ಮ ಹಳ್ಳಕ್ಕೆ ಬಿಡಾಕೆ ಅವರಿಗೆ ಕೊಟ್ಟೋರು ಯಾರು?" ಎಂದಳು ಕಾಟಮ್ಮ.

"ಎದ್ದೇಳ್ರಿ ಮೊದ್ಲು."

"ನಾವು ಹೊರಗೇ ಕುಂತೀವಿ ಸಾರ್. ಕಾಂಪೌಂಡು ಮುಟ್ಟಿಲ್ಲ. ಅವರ ನೀರು ಅವರ ಒಳಗೇ ಐತೆ. ಅಳೆಯೋರನ್ನ ಕರೆಸ್ರಿ, ಈಗ ಅಳೀಲಿ."

ಯಾರೂ ಏಳಲಿಲ್ಲ. ತೋಳು ಹಿಡಿದು ಎಳೆದರು. ಉಚ್ಚಂಗಮ್ಮನ ಬಳೆ ಒಡೆದು ಮೊಣಕೈಯಲ್ಲಿ ರಕ್ತ ಬಂತು. ಕಾಟಮ್ಮನನ್ನು ಇಬ್ಬರು ಎತ್ತಿ ವ್ಯಾನಿಗೆ ಹಾಕಿದರು. ವ್ಯಾನು ತಿರುಗುವಾಗ ಜೆಸಿಬಿ ಎದುರಿಗೆ ಬರುವುದು ಕಂಡಿತು. ಅದರ ಹಲ್ಲುಗಳು ಒಂದೇ ಏಟಿಗೆ ಕಲ್ಲು ಮಣ್ಣು ಗೋಣಿ ಎಲ್ಲವನ್ನೂ ಕಿತ್ತವು. ಒಳಗೆ ಕಟ್ಟಿಕೊಂಡಿದ್ದ ನೀರು ಗೋಡೆಯೆತ್ತರ ಹಾರಿ ಹಳ್ಳಕ್ಕೆ ಬಿತ್ತು.

ಸಂಜೆ ಕಂಪನಿಯ ಆಸ್ತಿಗೆ ಹಾನಿ ಮಾಡಿದ ಕೇಸು ಬರೆದು ಹೆಂಗಸರನ್ನು ಬಿಟ್ಟರು. ಹಟ್ಟಿಗೆ ಬರುವಾಗ ನಿಂಗಪ್ಪ ಕಟ್ಟೆಯ ಏರಿಯ ಮೇಲೆ ನಿಂತಿದ್ದ. ಕುರಿಗಳನ್ನು ದೊಡ್ಡಿಯೊಳಗೆ ಕೂಡಿ ಅಗಳಿ ಹಾಕಿದ್ದ. ಬಾಯಾರಿದ ಅವು ಒರಲುತ್ತಿದ್ದವು. ಕಟ್ಟೆಯ ನೀರು ಅಂಚಿನಿಂದ ಅಂಚಿಗೆ ಸುಣ್ಣ ಕದಡಿದಂತೆ ಬೆಳ್ಳಗಾಗಿತ್ತು.

"ಆಯ್ತಲ್ಲ, ನೋಡು. ಮುಚ್ಚಿದ್ದಕ್ಕೆ ಎಲ್ಲಾ ಒಟ್ಟಿಗೇ ಬಂತು" ಎಂದ ನಿಂಗಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಇನ್ನು ಬಿಟ್ಬಿಡು ಕಾಟಿ."

ಕಾಟಮ್ಮ ನೀರನ್ನು ನೋಡಿದಳು. ಪೊಲೀಸರು ಹಿಡಿದ ತೋಳು ನೋಯುತ್ತಿತ್ತು. ಮನೆಗೆ ಹೋಗಿ ಲೋಟದಲ್ಲಿ ನೀರು ಕುಡಿದಳು. ಅಂಗಳದಲ್ಲಿ ಬೋರಲು ಬಿದ್ದಿದ್ದ ಮಂಕರಿಯನ್ನು ಎತ್ತಿ ಕೊಡವಿದಳು.

"ಎಲ್ಲಿಗೆ?" ಎಂದ ಹಿಂದೆಯೇ ಬಂದಿದ್ದ ನಿಂಗಪ್ಪ.

"ಮಣ್ಣು ತರಾಕೆ."

ಅವನು ಒಳಗೆ ಹೋಗಿ ಗುದ್ದಲಿ ಹುಡುಕತೊಡಗಿದ.